ಸೆಲ್ಫ್ ಹೊಡೆಯದಿದ್ದರೆ ಬ್ಯಾಟರಿಯದ್ದೇ ತಪ್ಪೇ?

ನಂಜನಗೂಡು, ತಿ. ನರಸೀಪುರದ ಕಡೆಯಿಂದ ಬಾಳೆ, ತರಕಾರಿ ತುಂಬಿಕೊಂಡು ನಸುಕಿನಲ್ಲೇ ಮೈಸೂರಿನ ಬಂಡಿಪಾಳ್ಯ ಎಪಿಎಂಸಿಗೆ ಹೊರಡುವ ಪಿಕಪ್‌ನವರಿಗೆ ಕೀ ತಿರುಗಿಸಿದಾಗ ಬರೀ ‘ಟಕ್ ಟಕ್’ ಸದ್ದು ಬಂದರೆ ಎದೆ ಧಸಕ್ಕೆನ್ನುತ್ತದೆ. ತಡವಾದರೆ ಬಾಡಿಗೆಯೂ ಹೋಯ್ತು, ಮಾಲಿನ ರೇಟೂ ಬಿತ್ತು.

ಹಾಗಂತ ಕೂಡಲೇ ಹೊಸ ಬ್ಯಾಟರಿಗೆ ದುಡ್ಡು ಸುರಿಯಬೇಡಿ. ಮೊದಲು ಟರ್ಮಿನಲ್ ನೋಡಿ. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೈನಸ್ ವೈರ್ ಮೊದಲು ಬಿಚ್ಚಿ, ಸೋಡಾ ಪುಡಿ ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿ, ಒಣಗಿಸಿ ಬಿಗಿಮಾಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಚಾರ್ಜ್ ತುಂಬಿದೆ ಎಂದರ್ಥ. ಎಂಜಿನ್ ಓಡುವಾಗ 14ರ ಆಸುಪಾಸು ಬರದಿದ್ದರೆ ಆಲ್ಟರ್ನೇಟರ್, ಬೆಲ್ಟ್ ತೋರಿಸಿ. ಇಲ್ಲದಿದ್ದರೆ ಹೊಸ ಬ್ಯಾಟರಿಯೂ ಇಳಿಯುತ್ತದೆ.

ಬದಲಿಸಲೇಬೇಕಾದರೆ ಗಾಡಿಗೆ ಹೇಳಿದ ಆಂಪಿಯರ್‌ಗಿಂತ ಕಡಿಮೆಯದ್ದು ಬೇಡ, ಡೀಸೆಲ್ ಎಂಜಿನ್‌ಗೆ ಜೋರು ಬೇಕು. ತಯಾರಾದ ತಿಂಗಳು ನೋಡಿ, ವಾರಂಟಿ ಕಾರ್ಡಿಗೆ ಸೀಲ್ ಹಾಕಿಸಿಕೊಳ್ಳಿ.