ಬೀಳುವ ಹಲ್ಲಿಗೂ ಬೆಲೆ ಇದೆ

ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಎರಡು ದಿನ ಬರಲಿಲ್ಲ. ನಾವು ಅವರ ಮನೆಗೆ ಹೋದೆವು. ಐದು ವರ್ಷದ ಮಗಳು ಕೆನ್ನೆ ಹಿಡಿದು ಮಲಗಿದ್ದಳು. ದವಡೆ ಹಲ್ಲು ಹುಳುಕಾಗಿತ್ತು. ರಾತ್ರಿಯೆಲ್ಲ ಅತ್ತಿದ್ದಳು.

"ಹಾಲುಹಲ್ಲು ತಾನೇ? ಇವತ್ತಲ್ಲ ನಾಳೆ ಬೀಳುತ್ತೆ. ಅದಕ್ಯಾಕಮ್ಮ ಖರ್ಚು?" ಅಂದರು ಅಜ್ಜಿ.

ಅಜ್ಜಿಯ ಮಾತು ಸರಿಯೇ? ಬನ್ನಿ, ತಿಳಿಯೋಣ.

ಹಾಲುಹಲ್ಲಿನ ಕೆಲಸ

ಮಕ್ಕಳಿಗೆ ಒಟ್ಟು 20 ಹಾಲುಹಲ್ಲುಗಳು. ಮುಂದಿನ ಹಲ್ಲುಗಳು 6-8 ವರ್ಷಕ್ಕೆ ಬೀಳುತ್ತವೆ. ದವಡೆ ಹಲ್ಲುಗಳು ಬೀಳುವುದು 9ರಿಂದ 12 ವರ್ಷದಲ್ಲಿ. ಅಲ್ಲಿಯವರೆಗೆ ಮಗು ಅದರಲ್ಲೇ ರೊಟ್ಟಿ ಅಗಿಯಬೇಕು.

ಇನ್ನೊಂದು ಕೆಲಸವೂ ಇದೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ? ಹಾಗೆಯೇ ಹಾಲುಹಲ್ಲು ಹೊಸ ಹಲ್ಲಿಗೆ ಜಾಗ ಹಿಡಿದಿರುತ್ತದೆ. ದವಡೆ ಹಲ್ಲನ್ನು ಬೇಗ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಹೊಸ ಹಲ್ಲು ಸೊಟ್ಟಗೆ ಬರಬಹುದು.

ನೋವು ಯಾಕೆ?

ಹಲ್ಲಿನ ಮೇಲೆ ಗಟ್ಟಿ ಕವಚ. ಒಳಗೆ ಮೆತ್ತಗಿನ ತಿರುಳು. ತಿರುಳಿನಲ್ಲಿ ನರ ಇದೆ, ರಕ್ತನಾಳ ಇದೆ. ಹಾಲುಹಲ್ಲಿನ ಕವಚ ತೆಳು. ಹುಳುಕು ಬೇಗ ತಿರುಳಿಗೆ ಇಳಿಯುತ್ತದೆ. ಆಗ ನೋವು.

ಕೆಲವು ಸಲ ನೋವು ತಾನೇ ನಿಲ್ಲುತ್ತದೆ. ವಾಸಿ ಆಯಿತು ಅಂತ ನಾವು ಸುಮ್ಮನಾಗುತ್ತೇವೆ. ಆದರೆ ತಿರುಳು ಸತ್ತಿರಬಹುದು. ಬೇರಿನ ಹತ್ತಿರ ಕೀವು ಕಟ್ಟಬಹುದು. ಅಲ್ಲೇ ಕೆಳಗೆ ಹೊಸ ಹಲ್ಲು ಬೆಳೆಯುತ್ತಿರುತ್ತದೆ. ಅದಕ್ಕೂ ತೊಂದರೆ.

ಡಾಕ್ಟರು ಏನು ಮಾಡುತ್ತಾರೆ?

ಎಕ್ಸ್‌ರೇ ತೆಗೆದು ನೋಡುತ್ತಾರೆ. ನೋವು ತಿಳಿಯದಂತೆ ಇಂಜೆಕ್ಷನ್ ಕೊಡುತ್ತಾರೆ. ಮೇಲಿನ ತಿರುಳು ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ತೆಗೆಯುತ್ತಾರೆ. ಔಷಧಿ ಇಟ್ಟು ಮುಚ್ಚುತ್ತಾರೆ. ಬೇರಿನ ತಿರುಳೂ ಕೆಟ್ಟಿದ್ದರೆ ಎಲ್ಲವನ್ನೂ ತೆಗೆದು ತೊಳೆಯುತ್ತಾರೆ. ಕರಗುವ ಔಷಧಿ ತುಂಬುತ್ತಾರೆ.

ಕರಗುವ ಔಷಧಿ ಯಾಕೆ? ಹೊಸ ಹಲ್ಲು ಬರುವಾಗ ಹಾಲುಹಲ್ಲಿನ ಬೇರು ಕರಗುತ್ತದೆ. ಔಷಧಿಯೂ ಅದರ ಜೊತೆ ಕರಗಬೇಕು. ಇಲ್ಲವಾದರೆ ಹೊಸ ಹಲ್ಲಿಗೆ ಅಡ್ಡಿ.

ಕೊನೆಗೆ ದವಡೆ ಹಲ್ಲಿಗೆ ಸ್ಟೀಲಿನ ಟೋಪಿ ಹಾಕುತ್ತಾರೆ. ಹಲ್ಲು ಬೀಳುವಾಗ ಟೋಪಿಯೂ ಬೀಳುತ್ತದೆ.

ಹಲ್ಲು ಪೂರ್ತಿ ಹಾಳಾಗಿದ್ದರೆ ಕೀಳಲೇಬೇಕು. ಆಗ ಜಾಗ ಉಳಿಸಲು ತಂತಿ ಹಾಕಬೇಕೇ ಅಂತ ಡಾಕ್ಟರನ್ನು ಕೇಳಿ.

ನೆನಪಿಡಿ

ನೋಯುವ ಹಲ್ಲಿಗೆ ಹೊಗೆಸೊಪ್ಪು, ನಶ್ಯ ಇಡಬೇಡಿ. ಅದು ವಿಷ.
ಮುಖ ಊದಿ ಜ್ವರ ಬಂದರೆ ತಡ ಮಾಡಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.
ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಗುವನ್ನು ಮಲಗಿಸಬೇಡಿ.
ರಾತ್ರಿ ಮಲಗುವ ಮುಂಚೆ ನೀವೇ ಹಲ್ಲು ಉಜ್ಜಿಸಿ.
ಹಲ್ಲಿನ ಮೇಲೆ ಕಪ್ಪು ಚುಕ್ಕೆ ಕಂಡಾಗಲೇ ತೋರಿಸಿ. ಆಗ ಕೆಲಸವೂ ಕಡಿಮೆ, ಖರ್ಚೂ ಕಡಿಮೆ.

ಇದನ್ನೆಲ್ಲ ಅಜ್ಜಿಗೆ ಹೇಳಿದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಸೆಗೆ, "ಬೆಳಗಿನ ಬಸ್ಸಿಗೇ ಹೊರಡಮ್ಮ. ನಾನೂ ಬರ್ತೀನಿ" ಅಂದರು.

ಮಾತಾಡಿ

ನಿಮ್ಮ ಮಗುವಿನ ಬಾಯಿ ತೆರೆಸಿ ನೋಡಿ. ಎಷ್ಟು ಹಲ್ಲು ಇವೆ? ಎಷ್ಟು ಹುಳುಕಾಗಿವೆ? ಬರೆದುಕೊಂಡು ಬನ್ನಿ.