ಒದ್ದೆ ಬಟ್ಟೆ, ಡ್ರೈಯರ್ ಮತ್ತು ಗುಪ್ತೋಷ್ಣ

ಮುಂಡರಗಿಯ ಮಾಳಿಗೆಯ ಮೇಲೆ ಬೇಸಿಗೆಯಲ್ಲಿ ಹರವಿದ ಧೋತರ ಒಣಗಲು ಹೆಚ್ಚು ಹೊತ್ತು ಬೇಡ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಇಲ್ಲಿ ಬಟ್ಟೆಯನ್ನೂ ಒಣಗಿಸುತ್ತದೆ. ಆದರೂ ಮಳೆ ಹಿಡಿದ ದಿನ ಮಕ್ಕಳ ಸಮವಸ್ತ್ರ ಒಣಗದೆ, ಡ್ರೈಯರ್ ಕೊಂಡರೆ ಹೇಗೆ ಎಂದು ಯೋಚಿಸುವ ಪಾಲಕರುಂಟು.

ಎರಡು ತೊಟ್ಟಿಯ ವಾಷಿಂಗ್ ಮಷಿನ್‌ನಲ್ಲಿ ‘ಡ್ರೈಯರ್’ ಎನ್ನಿಸಿಕೊಳ್ಳುವ ಭಾಗ ಬಟ್ಟೆಯನ್ನು ಗರಗರ ತಿರುಗಿಸಿ ನೀರು ಹಿಂಡುತ್ತದೆ, ಅಷ್ಟೇ. ಟಂಬಲ್ ಡ್ರೈಯರ್ ಬೇರೆ. ಅದು ಬಿಸಿಗಾಳಿಯಲ್ಲಿ ಬಟ್ಟೆ ಹೊರಳಿಸಿ ನೀರನ್ನು ಆವಿ ಮಾಡುತ್ತದೆ. ಖರ್ಚಿರುವುದು ಇಲ್ಲೇ. ವಿದ್ಯಾರ್ಥಿಗಳು ಗುಪ್ತೋಷ್ಣದ ಪಾಠ ನೆನೆಯಲಿ: ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತೆಂದರೆ 3,600 ಕಿಲೋಜೌಲ್. ಬಟ್ಟೆಯಲ್ಲಿ ಮೂರು ಲೀಟರ್ ನೀರು ಉಳಿದಿದ್ದರೆ ಎರಡು ಯೂನಿಟ್ ಆಯಿತು, ಯಂತ್ರದ ನಷ್ಟ ಬೇರೆ. ಹಿಂಡಿ ತೆಗೆಯುವ ನೀರಿಗೆ ಇಷ್ಟು ಖರ್ಚಿಲ್ಲ. ಆದ್ದರಿಂದ ನಮ್ಮ ಬಯಲುಸೀಮೆಗೆ ಚೆನ್ನಾಗಿ ಹಿಂಡುವ ಯಂತ್ರ, ಒಂದು ಹಗ್ಗ ಸಾಕು.

ವಾರಗಟ್ಟಲೆ ಮಳೆ ಸುರಿಯುವ ಮಲೆನಾಡು, ಕರಾವಳಿಯ ಮಾತು ಬೇರೆ. ಅಲ್ಲಿಯವರು ಹೀಟ್ ಪಂಪ್ ಮಾದರಿಯನ್ನು ನೋಡಬಹುದು. ಆವಿ ಮತ್ತೆ ನೀರಾಗುವಾಗ ಬಿಡುವ ಶಾಖವನ್ನೇ ಅದು ಮರಳಿ ಬಳಸುವುದರಿಂದ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬೆಲೆ ಮಾತ್ರ ದುಬಾರಿ. ವೆಂಟ್ ಮಾದರಿ ಅಗ್ಗವಾದರೂ ತೇವದ ಗಾಳಿ ಹೊರಹೋಗಲು ಕೊಳವೆ ಬೇಕು. ಯಾವುದನ್ನೇ ಕೊಂಡರೂ ಜಾಲರಿಗೆ ಅಂಟಿದ ನೂಲಿನ ಧೂಳನ್ನು ಪ್ರತಿ ಸಲ ತೆಗೆಯಬೇಕು. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ.