ಮಾರದ ಸರಕಿಗೂ ಬೆಲೆ ಕಟ್ಟುವ ಬಗೆ

ತಿಂಥಣಿ ಸೇತುವೆ ದಾಟುವ ಸಿಮೆಂಟ್ ಲಾರಿಗಳನ್ನು ನೋಡುತ್ತ ತೆರಿಗೆಯ ಮಾತು ಬಂದರೆ ಈ ತರ್ಕ ತಪ್ಪುವುದಿಲ್ಲ: ‘ಮಾರಿಯೇ ಇಲ್ಲ ಅಂದಮ್ಯಾಲ ಎಂಥಾ ಸುಂಕ? ಮೌನೇಶ್ವರನ ಜಾತ್ರಿಗೆ ಬರೋ ಕಂಬಾರ ತನ್ನ ಕುಲುಮಿಗೆ ತಾನೇ ಇಕ್ಕಳ ಮಾಡ್ಕೊಂಡ್ರ ಸುಂಕ ಕಟ್ತಾನೇನು?’

ಕಂಬಾರ ಕಟ್ಟಬೇಕಿರಲಿಲ್ಲ, ನಿಜ. ಕಾರಣ ಮಾತ್ರ ಬೇರೆ. ಸಣ್ಣ ತಯಾರಕರಿಗೆ ವಿನಾಯಿತಿ ಇತ್ತು. 2007ರಿಂದ, ಜಿಎಸ್‌ಟಿ ಬರುವವರೆಗೆ, ವರ್ಷಕ್ಕೆ 1.5 ಕೋಟಿ ರೂಪಾಯಿವರೆಗಿನ ವಹಿವಾಟಿಗೆ ಅದು ಸಿಗುತ್ತಿತ್ತು. ಕೇಂದ್ರದ ಎಕ್ಸೈಸ್ ಸುಂಕ ಬೀಳುವುದು ತಯಾರಿಕೆಯ ಮೇಲೆ, ಮಾರಾಟದ ಮೇಲಲ್ಲ. ಸರಕು ಮಾರುಕಟ್ಟೆಯಲ್ಲಿ ಮಾರಾಟವಾಗುವಂಥದ್ದಾಗಿದ್ದರೆ ಸಾಕು, ಮಾರಿರಲೇಬೇಕೆಂದಿಲ್ಲ.

ವಾಡಿಯ ಸಿಮೆಂಟ್ ಕಾರ್ಖಾನೆಯನ್ನೇ ತಗೊಳ್ಳಿ. ಸುಣ್ಣದಕಲ್ಲು ಸುಮಾರು 1,450 ಡಿಗ್ರಿ ಶಾಖದಲ್ಲಿ ಬೆಂದು ಕ್ಲಿಂಕರ್ ಎಂಬ ಬೂದುಬಣ್ಣದ ಉಂಡೆಯಾಗುತ್ತದೆ. ಅದನ್ನು ಅದೇ ಆವರಣದಲ್ಲಿ ಅರೆದು ಸುಂಕವಿರುವ ಸಿಮೆಂಟ್ ಮಾಡಿದರೆ ಕ್ಲಿಂಕರ್‌ಗೆ ಸುಂಕವಿರಲಿಲ್ಲ. 1995ರ ಮಾರ್ಚ್ 16ರ 67ನೇ ಅಧಿಸೂಚನೆ ಅದನ್ನು ಬಿಟ್ಟುಕೊಟ್ಟಿತ್ತು. ಬೇರೆ ಊರಿನ ಸ್ವಂತ ಅರೆಯುವ ಘಟಕಕ್ಕೆ ಕಳಿಸಿದರೆ ಆ ವಿನಾಯಿತಿ ಇರಲಿಲ್ಲ. ಖರೀದಿದಾರನೇ ಇಲ್ಲದ ಸರಕಿಗೆ ಬೆಲೆ ಕಟ್ಟುವ ತಲೆನೋವು ಅಲ್ಲಿಂದ ಶುರು.

ಅಧಿಕಾರಿ ಮನಸ್ಸಿಗೆ ಬಂದ ದರ ಬರೆಯುತ್ತಿದ್ದನೆಂಬುದು ಇನ್ನೊಂದು ನಂಬಿಕೆ. 2000ದ ಜುಲೈ 1ರಿಂದ ಬಂದ ಮೌಲ್ಯಮಾಪನ ನಿಯಮಗಳ 8ನೇ ನಿಯಮ ಲೆಕ್ಕವನ್ನು ಕಟ್ಟಿಹಾಕಿತ್ತು: ಉತ್ಪಾದನಾ ವೆಚ್ಚದ ಶೇ 115, 2003ರ ಆಗಸ್ಟ್ 5ರಿಂದ ಶೇ 110. ಟನ್ನಿಗೆ 3,000 ರೂಪಾಯಿ ವೆಚ್ಚ ಎಂದಿಟ್ಟುಕೊಳ್ಳಿ; ಸುಂಕ ಹಾಕುವ ಮೌಲ್ಯ 3,300. ಮೇಲಿನ 300 ಕಂಪನಿಯ ನಿಜವಾದ ಲಾಭವಲ್ಲ. ಕಾರ್ಖಾನೆ ನಷ್ಟದಲ್ಲಿದ್ದರೂ ಅದು ಸೇರಲೇಬೇಕಿತ್ತು.

ಜಗಳವೆಲ್ಲ ಆ 3,000ದಲ್ಲೇ. ಅದಕ್ಕೆ ಕಾಸ್ಟ್ ಅಕೌಂಟೆಂಟರ ಸಂಸ್ಥೆಯ ಸಿಎಎಸ್-4 ಎಂಬ ಮಾನದಂಡ. ಕಚ್ಚಾ ಸರಕು, ಕೂಲಿ, ಕರೆಂಟು, ಯಂತ್ರದ ಸವಕಳಿ ಒಳಗೆ. ಮಾರಾಟದ ಖರ್ಚು, ಸಾಲದ ಬಡ್ಡಿ ಹೊರಗೆ. ಮುಷ್ಕರದಂಥ ಕಾರಣಕ್ಕೆ ಗೂಡು ನಿಂತ ದಿನಗಳ ಅಸಹಜ ಖರ್ಚೂ ಹೊರಗೇ. ಕಟ್ಟಿದ ಸುಂಕ ಸಾಮಾನ್ಯವಾಗಿ ಇನ್ನೊಂದು ಘಟಕಕ್ಕೆ ತನ್ನ ಸುಂಕದಲ್ಲಿ ಕಳೆದುಕೊಳ್ಳಬಹುದಾದ ಕ್ರೆಡಿಟ್ ಆಗಿ ಸಿಗುತ್ತಿದ್ದುದರಿಂದ ಬಹಳಷ್ಟು ವ್ಯಾಜ್ಯ ವ್ಯರ್ಥ ಕಸರತ್ತೇ ಆಗಿತ್ತು ಎಂದು ನನಗನಿಸುತ್ತದೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಇದೆಲ್ಲ ಮುಗಿಯಿತು ಎನ್ನುವವರೂ ಇದ್ದಾರೆ. ಅರ್ಧ ಸರಿ. ರಾಜ್ಯದೊಳಗೆ ಒಂದೇ ನೋಂದಣಿಯ ಘಟಕಗಳ ನಡುವೆ ಕ್ಲಿಂಕರ್ ಸಾಗಿಸಿದರೆ ಈಗ ತೆರಿಗೆಯಿಲ್ಲ. ತೆಲಂಗಾಣದ ಸ್ವಂತ ಘಟಕಕ್ಕೆ ಹೋದರೆ ಇದೆ. ಆ ಘಟಕಕ್ಕೆ ಪೂರ್ತಿ ಕ್ರೆಡಿಟ್ ಸಿಗುವುದಾದರೆ ಬಿಲ್ಲಿನಲ್ಲಿ ಬರೆದ ದರವೇ ಮೌಲ್ಯ. ಬೇರೆ ದಾರಿ ಕಾಣದಿದ್ದಾಗ ಜಿಎಸ್‌ಟಿಯ 30ನೇ ನಿಯಮ ಹೇಳುವುದೂ ವೆಚ್ಚದ ಶೇ 110 ಎಂದೇ.